ಸಂಪಂಗಿ ಕೆರೆಯಂಗಳದ ಫುಟ್‌ಬಾಲ್

ಬೆಂಗಳೂರು ಎಫ್‌ಸಿ ತಂಡದ ತವರು ಮೈದಾನ ಯಾವುದೆಂದು ಕೇಳಿದರೆ ಈಗಿನ ಮಕ್ಕಳು ಥಟ್ಟನೆ ಕಂಠೀರವ ಎನ್ನುತ್ತಾರೆ. ನನ್ನ ವಯಸ್ಸಿನವರು ‘ಮೊದಲು ಅಶೋಕನಗರದಲ್ಲಿ ಆಡ್ತಿದ್ರು’ ಎಂದು ಸೇರಿಸುತ್ತೇವೆ. ನಮಗಿಂತ ಹಿರಿಯರು ಇನ್ನೂ ಹಿಂದಕ್ಕೆ ಹೋಗಿ ‘ಕಂಠೀರವ ಅಂದ್ರೆ ಸಂಪಂಗಿ ಕೆರೆ ಜಾಗ ಅಲ್ವೇನಮ್ಮ’ ಎನ್ನುತ್ತಾರೆ. ಮೂರೂ ನಿಜ. ಈ ಊರಿನ ಫುಟ್‌ಬಾಲ್ ತನ್ನ ಸ್ವಂತದ ಸಣ್ಣ ಮನೆ ಬಿಟ್ಟು, ಸರ್ಕಾರದ ದೊಡ್ಡ ಮನೆಗೆ ಬಾಡಿಗೆಗೆ ಬಂದು, ಅಲ್ಲೇ ಬೇರುಬಿಟ್ಟ ಕಥೆ ಅದು. ಆ ಎರಡು ಮನೆಗಳಲ್ಲೂ ಸ್ಟ್ಯಾಂಡಿನಲ್ಲಿ ಕೂತು ಆಟ ನೋಡಿದವಳಾಗಿ ನನಗೆ ಅದನ್ನು ಬರೆದಿಡಬೇಕೆನ್ನಿಸಿದೆ.

ಕೆರೆಯಿಂದಲೇ ಶುರು ಮಾಡಬೇಕು. ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು. ಇವೆರಡರ ನಡುವೆ ಸಂಪಂಗಿ ಕೆರೆ ಹರಡಿಕೊಂಡಿತ್ತು. ಎರಡೂ ಕಡೆಯ ಜನ ಅದರ ನೀರು ಕುಡಿದವರು. ಸುತ್ತ ತಿಗಳರ ತೋಟಗಳಿದ್ದವು. ಹೂವು, ಸೊಪ್ಪು, ತರಕಾರಿ ಅಲ್ಲಿಂದ ಪೇಟೆಗೆ ಬರುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಊರಿಗೆ ಬಂದ ಮೇಲೆ ಕೆರೆಯನ್ನು ಕೇಳುವವರಿಲ್ಲವಾಯಿತು. ಮುಂದಿನ ದಶಕಗಳಲ್ಲಿ ನೀರು ಬತ್ತಿತು, ಅಂಗಳ ಒಣಗಿತು, ಒಣಗಿದ ಅಂಗಳದ ಮೇಲೆ ಊರು ಒಂದೊಂದೇ ಕೆಲಸಕ್ಕೆ ಕೈಹಾಕಿತು. ಕೊನೆಗೆ ಅಲ್ಲಿ ಎದ್ದು ನಿಂತದ್ದು ಕ್ರೀಡಾಂಗಣ. ಕೆರೆಯ ನೆನಪಿಗೆ ಈಗ ಉಳಿದಿರುವುದು ಆವರಣದಲ್ಲಿರುವ ಒಂದು ಪುಟ್ಟ ಕಲ್ಯಾಣಿಯಷ್ಟೇ. ಅದೂ ಉಳಿದದ್ದು ತಿಗಳರ ಕರಗ ಹಬ್ಬದ ದೆಸೆಯಿಂದ. ಚೈತ್ರ ಹುಣ್ಣಿಮೆಯ ಹೊತ್ತಿಗೆ ಧರ್ಮರಾಯನ ಗುಡಿಯ ಹಸಿ ಕರಗಕ್ಕೆ ಸಂಪಂಗಿ ಕೆರೆಯ ನೀರು ಬೇಕೇ ಬೇಕು. ವರ್ಷದ ಒಂದು ರಾತ್ರಿ ಆ ಜಾಗ ತನ್ನ ಹಳೆಯ ಒಡೆಯರಿಗೆ ವಾಪಸ್ಸು ಸೇರುತ್ತದೆ.

ಈಗಿನ ಶ್ರೀ ಕಂಠೀರವ ಕ್ರೀಡಾಂಗಣ ಸಿದ್ಧವಾದದ್ದು 1997ರಲ್ಲಿ, ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟಕ್ಕೆ. ಹೆಸರು 1638ರಿಂದ 1659ರವರೆಗೆ ಮೈಸೂರನ್ನಾಳಿದ ರಣಧೀರ ಕಂಠೀರವ ನರಸರಾಜ ಒಡೆಯರದು. ಅದನ್ನು ಕಟ್ಟಿದಾಗ ಯಾರ ತಲೆಯಲ್ಲೂ ಫುಟ್‌ಬಾಲ್ ತಂಡ ಇರಲಿಲ್ಲ. ಮುಖ್ಯವಾಗಿ ಅದು ಓಟಗಾರರ ಅಂಗಳ: ಸುತ್ತ 400 ಮೀಟರಿನ ಸಿಂಥೆಟಿಕ್ ಟ್ರ್ಯಾಕು, ನಡುವೆ ಹುಲ್ಲು, ಮೇಲೆ 25 ಸಾವಿರದಷ್ಟು ಜನ ಕೂರುವ ಸ್ಟ್ಯಾಂಡು. ನಡುವಿನ ಹುಲ್ಲಿನ ಮೇಲೆ ಒಂದು ದಿನ ದೇಶದ ದೊಡ್ಡ ಕ್ಲಬ್ಬುಗಳೆಲ್ಲ ಬಂದು ಆಡುತ್ತವೆ ಎಂದು ಆಗ ಯಾರಾದರೂ ಹೇಳಿದ್ದರೆ ಅಪ್ಪ ಕೂಡ ನಂಬುತ್ತಿರಲಿಲ್ಲ.

ಅಪ್ಪ ಐಟಿಐ ಕಾರ್ಖಾನೆಯಲ್ಲಿದ್ದರು. ಹೊಸಕೋಟೆ ಕಡೆಯಿಂದ ಕೆಲಸಕ್ಕೆಂದು ಬಂದು ದೂರವಾಣಿನಗರದಲ್ಲಿ ನೆಲೆಯೂರಿದವರು. ಊರಿನಲ್ಲಿ ಕಬಡ್ಡಿ, ಚಿನ್ನಿದಾಂಡು ಬಿಟ್ಟು ಬೇರೆ ಆಟ ಕಂಡಿರಲಿಲ್ಲ. ಕಾರ್ಖಾನೆಗೆ ಸೇರಿದ ಮೇಲೆ ಫುಟ್‌ಬಾಲಿನ ಹುಚ್ಚು ಹಿಡಿಯಿತು. ಹಿಡಿಸಿದ್ದು ಅವರ ಸೆಕ್ಷನ್ನಿನಲ್ಲೇ ಇದ್ದ ಹಲಸೂರಿನ ಗೆಳೆಯರೊಬ್ಬರು. ಅವರ ಮನೆಮಾತು ತಮಿಳು, ಅಪ್ಪನದು ಕನ್ನಡ. ಇಬ್ಬರೂ ಮಾತಾಡುತ್ತಿದ್ದ ಭಾಷೆ ಮಾತ್ರ ಕಾರ್ಖಾನೆಯದು. ನಾನು ಅವರನ್ನು ಮಾಮ ಎನ್ನುತ್ತಿದ್ದೆ. ಫಸ್ಟ್ ಶಿಫ್ಟ್ ಮುಗಿಸಿ ಇಬ್ಬರೂ ಮನೆಗೆ ಬಂದು, ಕಾಫಿ ಕುಡಿದು, ನನ್ನನ್ನೂ ಕರೆದುಕೊಂಡು ಹೊರಡುತ್ತಿದ್ದರು. ಹಳೇ ಮದ್ರಾಸು ರಸ್ತೆಯ ಬಸ್ಸಿನಲ್ಲಿ ಟ್ರಿನಿಟಿ ಸರ್ಕಲ್ಲಿನವರೆಗೆ, ಅಲ್ಲಿಂದ ಮೇಯೋ ಹಾಲ್ ದಾಟಿ ನಡೆದರೆ ಮಗ್ರಾತ್ ರಸ್ತೆ. ಅಲ್ಲಿತ್ತು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ.

ಅದು ಆಟದ ಸ್ವಂತದ ಮನೆ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸುಪರ್ದಿನಲ್ಲಿದ್ದ, ಬೇರೆ ಯಾವ ಆಟಕ್ಕೂ ಪಾಲಿಲ್ಲದ ಮೈದಾನ. ಐಟಿಐ, ಎಚ್‌ಎಎಲ್, ಬಿಇಎಂಎಲ್, ಎಂಇಜಿ, ಎಎಸ್‌ಸಿ, ಎಲ್‌ಆರ್‌ಡಿಇ ಹೀಗೆ ಲೀಗ್ ಪಟ್ಟಿಯನ್ನು ಓದಿದರೆ ಬೆಂಗಳೂರಿನ ಕಾರ್ಖಾನೆಗಳ, ಸೇನಾ ತುಕಡಿಗಳ, ಸರ್ಕಾರಿ ಪ್ರಯೋಗಾಲಯಗಳ ಪಟ್ಟಿ ಓದಿದ ಹಾಗೆಯೇ ಇರುತ್ತಿತ್ತು. ಆಟಗಾರರಿಗೆ ಕಾರ್ಖಾನೆಯಲ್ಲಿ ನೌಕರಿ ಇರುತ್ತಿತ್ತು, ಆಟ ಆ ನೌಕರಿಯ ಭಾಗವಾಗಿತ್ತು. ಬೆಳಿಗ್ಗೆ ಗೇಟಿನಲ್ಲಿ ಕಾರ್ಡ್ ಪಂಚ್ ಮಾಡುತ್ತಿದ್ದ ಮನುಷ್ಯ ಸಾಯಂಕಾಲ ವಿಂಗಿನಲ್ಲಿ ಓಡುತ್ತಿದ್ದ. ಸ್ಟ್ಯಾಂಡಿನಲ್ಲಿ ಕೂತವರು ಅವನ ಸಹೋದ್ಯೋಗಿಗಳು. ಒಂದು ಪಾಸ್ ತಪ್ಪಿದರೆ ಸಾಕು, ನಾಳೆ ಕ್ಯಾಂಟೀನಿನಲ್ಲಿ ಉತ್ತರ ಕೊಡಬೇಕಿತ್ತು.

ಅಶೋಕನಗರದಲ್ಲಿ ಆಟ ಮೈಗೆ ತಾಗುವಷ್ಟು ಹತ್ತಿರ. ಗೆರೆಗೂ ಜನಕ್ಕೂ ನಡುವೆ ನಾಲ್ಕು ಹೆಜ್ಜೆ. ಬೂಟು ಚೆಂಡಿಗೆ ಬಡಿದದ್ದು, ಮೊಣಕಾಲಿಗೆ ಮೊಣಕಾಲು ತಗುಲಿದ್ದು, ಗೋಲಿ ತನ್ನ ಡಿಫೆಂಡರುಗಳಿಗೆ ಬೈದದ್ದು ಎಲ್ಲವೂ ಕೇಳಿಸುತ್ತಿತ್ತು. ಒಂದು ಕಡೆಯಿಂದ ತಮಿಳು, ಇನ್ನೊಂದು ಕಡೆಯಿಂದ ದಖ್ಖನಿ, ನಡುವೆ ನಮ್ಮ ಕನ್ನಡ, ಆಸ್ಟಿನ್ ಟೌನಿನ ಅಜ್ಜಂದಿರ ಇಂಗ್ಲಿಷು, ಎಲ್ಲ ಸೇರಿ ರೆಫರಿಯ ಮೇಲೆ ಬೀಳುತ್ತಿತ್ತು. ಹೆಣ್ಣುಮಕ್ಕಳು ಅಲ್ಲಿ ತೀರಾ ಕಡಿಮೆ. ಆದರೂ ಮಾಮನ ಪಕ್ಕ ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹಿಂದಿನ ಸಾಲಿನವರು ಕಡಲೆಕಾಯಿ ಪೊಟ್ಟಣವನ್ನು ನನ್ನ ಕಡೆಗೇ ಮೊದಲು ಚಾಚುತ್ತಿದ್ದರು. ಆಟ ನೋಡುವುದನ್ನು ಮಾಮ ನನಗೆ ಅಲ್ಲೇ ಕಲಿಸಿದ್ದು. ‘ಬಾಲ್ ನೋಡ್ಬೇಡ ಪುಟ್ಟಿ, ಬಾಲನ್ನ ಎಲ್ಲರೂ ನೋಡ್ತಾರೆ. ಬಾಲ್ ಇಲ್ದೇ ಇರೋನು ಏನ್ ಮಾಡ್ತಾ ಇದಾನೆ ನೋಡು, ಆಗ ಮ್ಯಾಚ್ ಅರ್ಥ ಆಗುತ್ತೆ’ ಎನ್ನುತ್ತಿದ್ದರು.

ಆ ಸ್ಟ್ಯಾಂಡಿನಲ್ಲೇ ನಾನು ಈ ಊರಿನ ಫುಟ್‌ಬಾಲ್ ಚರಿತ್ರೆಯನ್ನೂ ಕೇಳಿ ತಿಳಿದದ್ದು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ, ಬ್ರಿಟಿಷ್ ಪಲ್ಟನ್ನುಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು ಗೆದ್ದು ತಂದದ್ದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲನ್ನು ಫ್ರಾನ್ಸಿನ ಎದುರು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಮೈಸೂರು ರಾಜ್ಯಕ್ಕೆ ಆಡಿದವರು ಎಂಬುದು. ಕೋಲ್ಕತ್ತದ ಈಸ್ಟ್ ಬೆಂಗಾಲಿನ ‘ಪಂಚ ಪಾಂಡವ’ರೆಂಬ ಐವರು ಫಾರ್ವರ್ಡುಗಳಲ್ಲಿ ಅಹಮದ್ ಖಾನ್ ಬೆಂಗಳೂರಿನವರು ಎಂಬುದು. ಮಾಮ ಅಹಮದ್ ಖಾನರ ಹೆಸರು ಹೇಳುವಾಗ ಕೂತಲ್ಲೇ ಒಂದು ಸಲ ಸೊಂಟ ತಿರುಗಿಸಿ ತೋರಿಸುತ್ತಿದ್ದರು. ಚೆಂಡು ಅವರ ಕಾಲಿಗೆ ಹಾವಿನಂತೆ ಸುತ್ತಿಕೊಳ್ಳುತ್ತಿತ್ತಂತೆ. 1968-69ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದದ್ದನ್ನು ಮಾಮ ನಿನ್ನೆ ಮೊನ್ನೆಯ ಸಂಗತಿಯಂತೆ ಹೇಳುತ್ತಿದ್ದರು. ಮತ್ತೆ ಆ ಟ್ರೋಫಿ ನಮ್ಮ ಕೈಗೆ ಬರಲು 54 ವರ್ಷ ಹಿಡಿಯಿತು. 2023ರ ಮಾರ್ಚ್‌ನಲ್ಲಿ ದೂರದ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಮಣಿಸಿದ ದಿನ ಮಾಮ ಇರಲಿಲ್ಲ.

ಅಪ್ಪನ ಪಾಲಿಗೆ ಇವೆಲ್ಲಕ್ಕಿಂತ ದೊಡ್ಡದು 1977. ಆ ವರ್ಷ ಮೊದಲ ಬಾರಿಗೆ ನಡೆದ ಫೆಡರೇಶನ್ ಕಪ್ಪಿನ ಫೈನಲ್ ಕೊಚ್ಚಿಯಲ್ಲಿ. ಎದುರಿಗೆ ಮೋಹನ್ ಬಾಗಾನ್. ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯ ತಂಡ ದೇಶದ ಹಳೆಯ, ಅತಿ ಹೆಸರಿನ ಕ್ಲಬ್ಬನ್ನು 1-0ಯಲ್ಲಿ ಸೋಲಿಸಿ ಕಪ್ ತಂದಿತು. ಮರುದಿನ ಕಾರ್ಖಾನೆಯಲ್ಲಿ ಯಾವ ಮೇಜಿನ ಮೇಲೂ ಕೆಲಸ ಸಾಗಲಿಲ್ಲವೆಂದು ಅಪ್ಪ ಹೇಳುತ್ತಿದ್ದರು. ‘ನಾವು ಗೆದ್ವಿ’ ಎಂದೇ ಹೇಳುತ್ತಿದ್ದರು ಹೊರತು ‘ಅವರು ಗೆದ್ದರು’ ಎಂದು ಒಮ್ಮೆಯೂ ಹೇಳಿದ್ದಿಲ್ಲ.

ತೊಂಬತ್ತರ ದಶಕದಿಂದೀಚೆಗೆ ಈ ಲೋಕ ಮೆಲ್ಲಗೆ ಸೊರಗಿತು. ಕಾರ್ಖಾನೆಗಳಿಗೇ ಸಂಕಷ್ಟ ಬಂದಾಗ ತಂಡಗಳಿಗೆ ಹೊಸಬರನ್ನು ಸೇರಿಸಿಕೊಳ್ಳುವುದು ನಿಂತಿತು. ಟೆಲಿವಿಷನ್ನಿನಲ್ಲಿ ಇಂಗ್ಲೆಂಡಿನ ಲೀಗ್ ಮನೆಮನೆಗೆ ಬಂತು. ನಮ್ಮ ಬೀದಿಯ ಹುಡುಗರ ಮೈಮೇಲೆ ಮ್ಯಾಂಚೆಸ್ಟರಿನ ಅಂಗಿ ಬಂತು. ಕೊನೆಯವರೆಗೂ ಸೆಣಸಿದ್ದು ಎಚ್‌ಎಎಲ್. ಅದೂ 2011-12ರ ಸಾಲಿನ ಬಳಿಕ ಐ-ಲೀಗಿನಿಂದ ಹೊರಬಿತ್ತು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿ ಪೂಜೆ ಮಾಡುವಷ್ಟು ಫುಟ್‌ಬಾಲ್ ಪ್ರೀತಿಯಿರುವ ಊರಿಗೆ, ದೇಶದ ಅಗ್ರ ಲೀಗಿನಲ್ಲಿ ತನ್ನದೆನ್ನುವ ಒಂದು ತಂಡ ಇಲ್ಲದಾಯಿತು. 

ಬೆಂಗಳೂರು ಎಫ್‌ಸಿ ಹುಟ್ಟಿದ್ದು ಆ ಶೂನ್ಯದಲ್ಲಿ. 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ತಂಡವನ್ನು ಘೋಷಿಸಿದಾಗ ಅಪ್ಪನಿಗೆ ಅನುಮಾನವಿತ್ತು. ಕಾರ್ಖಾನೆಯೂ ಇಲ್ಲ, ಪಲ್ಟನ್ನೂ ಇಲ್ಲ, ಆಟಗಾರರು ದಿನವಿಡೀ ಆಡುವುದೊಂದನ್ನೇ ಮಾಡುತ್ತಾರೆ, ಅದೇ ಅವರ ಕಸುಬು ಎಂಬುದು ಅವರಿಗೆ ಹೊಸದು. ಆದರೆ ಮೊದಲ ಪಂದ್ಯ ಅಶೋಕನಗರದಲ್ಲೇ ಎಂದು ಗೊತ್ತಾದದ್ದೇ ಚಪ್ಪಲಿ ಹುಡುಕತೊಡಗಿದರು. 2013ರ ಸೆಪ್ಟೆಂಬರ್ 22. ಎದುರಾಳಿ ಮತ್ತದೇ ಮೋಹನ್ ಬಾಗಾನ್. ಕೃತಕ ಹುಲ್ಲು ಹಾಸಿದ್ದ ಮೈದಾನ, ಸುಣ್ಣಬಣ್ಣ ಕಂಡಿದ್ದ ಹಳೆಯ ಸ್ಟ್ಯಾಂಡು, ಎಲ್ಲಿ ನೋಡಿದರೂ ನೀಲಿ ಅಂಗಿ. ಆಸ್ಟ್ರೇಲಿಯಾದ ಶಾನ್ ರೂನಿ ಕ್ಲಬ್ಬಿನ ಮೊದಲ ಗೋಲು ಹೊಡೆದಾಗ ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರ ಗುಂಪು ಬೆಂಚಿನ ಮೇಲೆ ಹತ್ತಿ ಕುಣಿಯಿತು. ಅಪ್ಪ ಆ ಹುಡುಗಿಯರನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ‘ಎಷ್ಟು ಜನ ಹೆಣ್ಮಕ್ಕಳು ಬಂದಿದಾರೆ ನೋಡಮ್ಮ’ ಎಂದರು. ಪಂದ್ಯ 1-1ರಲ್ಲಿ ಮುಗಿಯಿತು. ಆ ಮಾತು ಮಾತ್ರ ನನ್ನೊಳಗೆ ಉಳಿದುಬಿಟ್ಟಿತು.

ಇಂಗ್ಲೆಂಡಿನ ಕೋಚ್ ಆಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಚೆಟ್ರಿ. ಮೊದಲ ಸಾಲಿನಲ್ಲೇ ತಂಡ ಐ-ಲೀಗ್ ಗೆದ್ದಿತು. 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನು 4-2ರಲ್ಲಿ ಸೋಲಿಸಿ ಪಟ್ಟ ಖಚಿತಪಡಿಸಿಕೊಂಡಿತು. ಹುಟ್ಟಿದ ವರ್ಷವೇ ಚಾಂಪಿಯನ್ ಆದದ್ದು ತಂಡದ ಹೆಮ್ಮೆಯಾದರೆ, ಅಶೋಕನಗರಕ್ಕೆ ಅದೇ ಬೀಳ್ಕೊಡುಗೆಯಾಯಿತು. ಎಂಟು ಸಾವಿರ ಚಿಲ್ಲರೆ ಜನ ಹಿಡಿಸುವ ಸ್ಟ್ಯಾಂಡು ಚಾಂಪಿಯನ್ ತಂಡಕ್ಕೆ ಸಾಲದಾಯಿತು. ಏಷ್ಯಾದ ಕ್ಲಬ್ ಟೂರ್ನಿಗಳಿಗೆ ಬೇಕಾದ ಫ್ಲಡ್‌ಲೈಟು, ಡ್ರೆಸಿಂಗ್ ರೂಮು, ಆಸನಗಳ ಲೆಕ್ಕವೇ ಬೇರೆ. ಮುಂದಿನ ಸಾಲಿಗೆ ತಂಡ ಕಂಠೀರವಕ್ಕೆ ಬಂತು.

ಕಂಠೀರವದಲ್ಲಿ ಮೊದಲ ಸಲ ಕೂತಾಗ ಅಪ್ಪನಿಗೆ ಹಿಡಿಸಲಿಲ್ಲ. ಟ್ರ್ಯಾಕಿನಾಚೆ ಎಲ್ಲೋ ಆಡುತ್ತಿದ್ದ ಆಟಗಾರರನ್ನು ಕಣ್ಣು ಕಿರಿದು ಮಾಡಿ ನೋಡಿದರು. ‘ಇಲ್ಲಿ ಆಟ ಕಾಣುತ್ತೆ, ಕೇಳ್ಸಲ್ಲ’ ಎಂದರು. ನಿಜವಾಗಿತ್ತು. ಓಟದ ಟ್ರ್ಯಾಕಿರುವ ಯಾವ ಮೈದಾನದಲ್ಲೂ ಫುಟ್‌ಬಾಲ್ ಪ್ರೇಕ್ಷಕ ಅಷ್ಟು ದೂರ ಸರಿದೇ ಕೂರಬೇಕು. ಆ ದೂರವನ್ನು ತುಂಬಿದವರು ಪಶ್ಚಿಮದ ಸ್ಟ್ಯಾಂಡಿನ ‘ವೆಸ್ಟ್ ಬ್ಲಾಕ್ ಬ್ಲೂಸ್’ ಹುಡುಗ ಹುಡುಗಿಯರು. ಡೋಲು, ಬ್ಯಾನರು, ಬಾವುಟ. 90 ನಿಮಿಷವೂ ನಿಂತೇ ಇರುವ ಕಾಲುಗಳು. ಕೆಳಗಿನಿಂದ ಆಟದ ಸದ್ದು ಮೇಲಕ್ಕೆ ಬಾರದಿದ್ದರೆ ಮೇಲಿನಿಂದ ಸದ್ದನ್ನು ಕೆಳಗಿಳಿಸುತ್ತೇವೆ ಎಂದು ಅವರು ಪಣತೊಟ್ಟಂತಿತ್ತು. ಪಂದ್ಯ ಮುಗಿದ ಮೇಲೆ ಇಡೀ ತಂಡ ಆ ಸ್ಟ್ಯಾಂಡಿನ ಮುಂದೆ ಬಂದು ನಿಂತು ಅವರೊಂದಿಗೆ ಚಪ್ಪಾಳೆ ತಟ್ಟುವ ರೂಢಿ ಬೆಳೆಯಿತು.

ಬಾಡಿಗೆಯ ಮನೆ ಸ್ವಂತದ್ದೆನ್ನಿಸುವುದು ಅಲ್ಲಿ ಸುಖ ದುಃಖ ಎರಡೂ ನಡೆದ ಮೇಲೆ. ಮೊದಲು ಬಂದದ್ದು ದುಃಖ. 2015ರ ಮೇ 31, ಐ-ಲೀಗಿನ ಕೊನೆಯ ದಿನ. ಬೆಂಗಳೂರು ಗೆದ್ದರೆ ಬೆಂಗಳೂರಿಗೆ ಪಟ್ಟ. ಡ್ರಾ ಆದರೆ ಮೋಹನ್ ಬಾಗಾನಿಗೆ. ಕೋಲ್ಕತ್ತದಿಂದ ಬಂದವರ ಹಸಿರು-ಕಡುಗೆಂಪು ಬಾವುಟಗಳು ಒಂದು ಕಡೆ, ನಮ್ಮ ನೀಲಿ ಉಳಿದೆಲ್ಲ ಕಡೆ, ಮೇಲಿನಿಂದ ಮಳೆ. ಹಾಫ್ ಟೈಮಿಗೆ ಸ್ವಲ್ಪ ಮೊದಲು ನಮ್ಮ ಜಾನ್ ಜಾನ್ಸನ್ ಗೋಲು ಹೊಡೆದ. ಅಲ್ಲಿಂದ ಮುಂದೆ ಗಡಿಯಾರ ನೋಡುವುದೇ ಕೆಲಸ. 87ನೇ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಬಾಗಾನಿನ ಬೆಲ್ಲೊ ರಜಾಕ್ ತಲೆ ಕೊಟ್ಟ. ಇಡೀ ಸ್ಟೇಡಿಯಂ ತಣ್ಣಗಾಯಿತು. ಕಪ್ ನಮ್ಮ ಅಂಗಳದಲ್ಲೇ ಬೇರೆಯವರ ಕೈ ಸೇರಿತು. ಗೇಟಿನಿಂದಾಚೆ ವಿಠಲ್ ಮಲ್ಯ ರಸ್ತೆಯವರೆಗೆ ಯಾರೂ ಮಾತಾಡಲಿಲ್ಲ. ಆಟೋದಲ್ಲಿ ಕೂತ ಮೇಲೆ ಅಪ್ಪ ಹೇಳಿದ್ದು ಒಂದೇ ಮಾತು: ‘ಬಿಡು, 77ರಲ್ಲಿ ಅವರೂ ಹೀಗೇ ಹೋಗಿರ್ತಾರೆ.’

ಮರುವರ್ಷ ಸಾಲ ತೀರಿತು. 2016ರ ಏಪ್ರಿಲ್‌ನಲ್ಲಿ ಸಾಲ್ಗಾಂವ್ಕರ್ ತಂಡವನ್ನು 2-0ಯಲ್ಲಿ ಸೋಲಿಸಿ ಬೆಂಗಳೂರು ತನ್ನ ಅಂಗಳದಲ್ಲೇ ಐ-ಲೀಗ್ ಪಟ್ಟ ಮರಳಿ ಪಡೆಯಿತು. ಆದರೆ ಕಂಠೀರವದ ಅತಿ ದೊಡ್ಡ ಫುಟ್‌ಬಾಲ್ ರಾತ್ರಿ ಯಾವುದೆಂದು ಕೇಳಿದರೆ ನಾನು ಅದೇ ವರ್ಷದ ಅಕ್ಟೋಬರ್ 19ನ್ನು ಹೇಳುತ್ತೇನೆ. ಎಎಫ್‌ಸಿ ಕಪ್ಪಿನ ಸೆಮಿಫೈನಲ್ಲಿನ ಎರಡನೇ ಲೆಗ್. ಎದುರಿಗೆ ಮಲೇಷ್ಯಾದ ಜೋಹೋರ್ ದಾರುಲ್ ತಾಜಿಂ, ಹಿಂದಿನ ವರ್ಷದ ಚಾಂಪಿಯನ್. ಅಲ್ಲಿನ ಪಂದ್ಯ 1-1. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಟೂರ್ನಿಯ ಫೈನಲ್ ಮುಟ್ಟಿರಲಿಲ್ಲ.

ಶುರುವಿನಲ್ಲೇ ಸಫಿಕ್ ರಹೀಂ ಜೋಹೋರಿಗೆ ಗೋಲು ಹೊಡೆದ. ಅಂಥ ಹೊತ್ತಿನಲ್ಲಿ ಜನ ಬಾಯಿ ಮುಚ್ಚಿ ಕೂರುತ್ತಾರೆ, ಅವತ್ತು ಕೂರಲಿಲ್ಲ. ಹಾಫ್ ಟೈಮಿಗೆ ಮುಂಚೆ ಯೂಜಿನ್‌ಸನ್ ಲಿಂಗ್ಡೋ ಹಾಕಿದ ಕಾರ್ನರಿಗೆ ಚೆಟ್ರಿ ತಲೆ ಕೊಟ್ಟು ಸಮ ಮಾಡಿದರು. 67ನೇ ನಿಮಿಷದ ಗೋಲನ್ನು ನಾನು ಪೂರ್ತಿ ನೋಡಿದ್ದೇನೆ, ಏಕೆಂದರೆ ಮಾಮ ಕಲಿಸಿದಂತೆ ಆಗ ಚೆಂಡಿಲ್ಲದ ಚೆಟ್ರಿಯನ್ನೇ ನೋಡುತ್ತಿದ್ದೆ. ಡಿಫೆಂಡರನಿಂದ ಎರಡು ಹೆಜ್ಜೆ ಸರಿದು ಜಾಗ ಮಾಡಿಕೊಂಡರು. ಚೆಂಡು ಕಾಲಿಗೆ ಬಂದಾಗ ಬಾಕ್ಸಿನ ಹೊರಗಿದ್ದರು. ಅಲ್ಲಿಂದ ಹೊಡೆಯುತ್ತಾರೆಂದು ಎದುರಾಳಿಗಳೂ ಎಣಿಸಿರಲಿಲ್ಲ. ಹೊಡೆದರು. ಗೋಲಿ ಹಾರಿದ, ಕೈ ತಲುಪಲಿಲ್ಲ, ಬಲೆ ಉಬ್ಬಿತು. ಒಂದು ಕ್ಷಣ ಏನೂ ಕೇಳಿಸಲಿಲ್ಲ, ಆಮೇಲೆ ಕೇಳಿಸಿದ್ದು ನಾನು ಹಿಂದೆಂದೂ ಕೇಳದ ಸದ್ದು. 75ನೇ ನಿಮಿಷದಲ್ಲಿ ಹ್ವಾನನ್ ತಲೆಯಿಂದ ಮೂರನೆಯದನ್ನೂ ಸೇರಿಸಿದ. ಒಟ್ಟು 4-2. ದೋಹಾದ ಫೈನಲ್ಲಿನಲ್ಲಿ ಇರಾಕಿನ ವಾಯುಪಡೆಯ ತಂಡದ ಎದುರು 1-0ಯಲ್ಲಿ ಸೋತದ್ದು ಆಮೇಲಿನ ಮಾತು. ಅವತ್ತು ರಾತ್ರಿ ಅಪ್ಪ ಸ್ಟ್ಯಾಂಡಿನ ಮೆಟ್ಟಿಲು ಇಳಿಯಲು ಕಷ್ಟಪಡುತ್ತಿದ್ದಾಗ ಬೆನ್ನಿಗೆ ಬಾವುಟ ಕಟ್ಟಿಕೊಂಡಿದ್ದ ಹುಡುಗನೊಬ್ಬ ಬಂದು ಕೈ ಹಿಡಿದ. ‘ನಿಧಾನ ಅಂಕಲ್’ ಎಂದ. ಅಪ್ಪ ಅವನಿಗೆ 1977ರ ಕಥೆ ಹೇಳುತ್ತಲೇ ಕೆಳಗಿಳಿದರು. ಕಂಠೀರವದ ಬಗ್ಗೆ ಅವರಿಗಿದ್ದ ಮುನಿಸು ಅಲ್ಲಿಗೆ ಮುಗಿಯಿತು.

2017ರಲ್ಲಿ ತಂಡ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿತು. ಮೊದಲ ಸಾಲಿನಲ್ಲೇ ಅಂಕಪಟ್ಟಿಯ ತುದಿಯಲ್ಲಿ ನಿಂತು, 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಫೈನಲ್ ಆಡಿ, ಚೆನ್ನೈಯಿನ್ ಎದುರು 2-3ರಲ್ಲಿ ಸೋತಿತು. ಸರಿಯಾಗಿ ಒಂದು ವರ್ಷಕ್ಕೆ, ಅದೇ ಮಾರ್ಚ್ 17ರಂದು, ಮುಂಬೈಯಲ್ಲಿ ರಾಹುಲ್ ಭೇಕೆಯ ಹೆಚ್ಚುವರಿ ಸಮಯದ ಗೋಲಿನಿಂದ ಗೋವಾವನ್ನು ಸೋಲಿಸಿ ಕಪ್ ಗೆದ್ದಿತು. ತವರಲ್ಲಿ ತಪ್ಪಿದ್ದು ಪರವೂರಲ್ಲಿ ದಕ್ಕಿತು. ಆಮೇಲೆ ಕೊರೊನಾ. ಎರಡು ಸಾಲು ಇಡೀ ಲೀಗ್ ಗೋವಾದಲ್ಲಿ, ಖಾಲಿ ಸ್ಟ್ಯಾಂಡುಗಳ ಮುಂದೆ ನಡೆಯಿತು. 2022ರ ಅಕ್ಟೋಬರಿನಲ್ಲಿ ತಂಡ ಮರಳಿದಾಗ ಕಂಠೀರವದ ಗೇಟಿನ ಮುಂದೆ ನಿಂತಿದ್ದ ಸಾಲು ಕಂಡು ನನಗೆ ಕಣ್ಣು ತುಂಬಿತು.

2023ರ ಜೂನ್-ಜುಲೈ ತಿಂಗಳಲ್ಲಿ ಕಂಠೀರವ ದೇಶದ ತಂಡಕ್ಕೂ ತವರಾಯಿತು. ಸ್ಯಾಫ್ ಚಾಂಪಿಯನ್‌ಶಿಪ್‌ನಲ್ಲಿ ಮಳೆ ಸುರಿಯುತ್ತಿದ್ದ ರಾತ್ರಿ ಚೆಟ್ರಿಯ ಹ್ಯಾಟ್ರಿಕ್‌ನಿಂದ ಭಾರತ ಪಾಕಿಸ್ತಾನವನ್ನು 4-0ಯಲ್ಲಿ ಸೋಲಿಸಿತು. ಜುಲೈ 4ರ ಫೈನಲ್ಲಿನಲ್ಲಿ ಕುವೈತ್ ಎದುರು 1-1 ಆಗಿ ಪೆನಾಲ್ಟಿಗೆ ಹೋದಾಗ, ಕೊನೆಯ ಹೊಡೆತವನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಬೆಂಗಳೂರು ಎಫ್‌ಸಿಯ ಗೋಲಿ, ತನ್ನದೇ ಅಂಗಳದಲ್ಲಿ.

ಇಷ್ಟೆಲ್ಲ ಆದ ಮೇಲೂ ಕಂಠೀರವ ಫುಟ್‌ಬಾಲಿನ ಸ್ವಂತ ಮನೆಯಲ್ಲ. ಇದನ್ನು ಹೇಳದೆ ಈ ಕಥೆ ಮುಗಿಸಿದರೆ ಅರ್ಧ ಹೇಳಿದಂತೆ. ಮಾಮನ ಮಾತನ್ನು ಸ್ಟೇಡಿಯಮ್ಮಿಗೂ ಅನ್ವಯಿಸಿ ನೋಡಿದೆ: ಚೆಂಡಿಲ್ಲದವರು ಇಲ್ಲಿ ಏನು ಮಾಡುತ್ತಿದ್ದಾರೆ? ಒಂದು ಮುಂಜಾವ ಟಿಕೆಟ್ಟಿನ ಕೆಲಸಕ್ಕೆಂದು ಬೇಗ ಹೋದಾಗ ಟ್ರ್ಯಾಕಿನ ಮೇಲೆ ಹದಿನಾಲ್ಕು ಹದಿನೈದರ ಹುಡುಗಿಯರು ಹರ್ಡಲ್ಸ್ ಅಭ್ಯಾಸ ಮಾಡುತ್ತಿದ್ದರು. ಅಡೆಗಳನ್ನು ತಾವೇ ಹೊತ್ತು ತಂದು ಸಾಲಾಗಿ ಇಟ್ಟು, ಓಡಿ, ಬಿದ್ದ ಅಡೆಯನ್ನು ತಾವೇ ಎತ್ತಿ ನಿಲ್ಲಿಸುತ್ತಿದ್ದರು. ಕಾಲಿನಡಿಯ ಸಿಂಥೆಟಿಕ್ ಅಲ್ಲಲ್ಲಿ ಕಿತ್ತು ಬಂದಿತ್ತು. ಅವರಲ್ಲೊಬ್ಬಳು ಕಿತ್ತ ಜಾಗವನ್ನು ತಪ್ಪಿಸಲು ಪ್ರತಿ ಸಲವೂ ಹೆಜ್ಜೆ ಬದಲಿಸುತ್ತಿದ್ದಳು. ಹರ್ಡಲ್ಸ್ ಓಟಗಾರ್ತಿಗೆ ಹೆಜ್ಜೆಯ ಲೆಕ್ಕವೇ ಎಲ್ಲ. ಆ ಲೆಕ್ಕ ಅಲ್ಲಿ ತಪ್ಪುತ್ತಿತ್ತು.

ಪಂದ್ಯದ ದಿನಗಳಲ್ಲಿ, ಅದಕ್ಕೆ ಮುಂಚಿನ ತಯಾರಿಯ ದಿನಗಳಲ್ಲಿ ಅಥ್ಲೀಟುಗಳು ಹೊರಗುಳಿಯಬೇಕಾಗುತ್ತಿತ್ತು. ರಾಜ್ಯದ ಅಥ್ಲೆಟಿಕ್ಸಿಗೆಂದೇ ಕಟ್ಟಿದ ಅಂಗಳದಲ್ಲಿ ನಮಗೇ ಜಾಗವಿಲ್ಲವೇ ಎಂದು ಅವರು ಕೇಳಿದರು. ವಿಷಯ ಹೈಕೋರ್ಟಿನವರೆಗೂ ಹೋಯಿತು. ನೀಲಿ ಅಂಗಿ ತೊಟ್ಟವರಲ್ಲಿ ಹಲವರಿಗೆ ಆಗ ಅಥ್ಲೀಟುಗಳ ಮೇಲೆ ಸಿಟ್ಟಿತ್ತು. ನನಗೆ ಬರಲಿಲ್ಲ. ಅವರ ಮಾತು ನ್ಯಾಯದ ಮಾತು. ಜಾವೆಲಿನ್ ಎಸೆದರೆ ಅದು ನಾಟುವುದು ಫುಟ್‌ಬಾಲಿನ ಹುಲ್ಲಿನ ಮೇಲೆ. ಫುಟ್‌ಬಾಲಿನ ಜಾಹೀರಾತು ಫಲಕಗಳನ್ನು ಸಾಗಿಸಿದರೆ ಸವೆಯುವುದು ಓಟದ ಟ್ರ್ಯಾಕು. ಎರಡು ಆಟಗಳೂ ಒಂದನ್ನೊಂದು ನೋಯಿಸದೆ ಅಲ್ಲಿ ಇರಲಾರವು. 2025ರ ಜುಲೈ 5ರಂದು ನೀರಜ್ ಚೋಪ್ರಾ ಅದೇ ಅಂಗಳದಲ್ಲಿ 86.18 ಮೀಟರ್ ಎಸೆದು ಗೆದ್ದಾಗ ಸ್ಟ್ಯಾಂಡು ತುಂಬಿತ್ತು. ಕಂಠೀರವ ಯಾವುದಕ್ಕಾಗಿ ಹುಟ್ಟಿತೋ ಅದಕ್ಕೂ ಈ ಊರಿನಲ್ಲಿ ಜನರಿದ್ದಾರೆ ಎಂಬುದು ಅಂದು ಎಲ್ಲರಿಗೂ ಕಂಡಿತು.

ಆಟಗಳಾಚೆಗೂ ಆ ಅಂಗಳಕ್ಕೆ ಬೇರೆ ಹಕ್ಕುದಾರರಿದ್ದಾರೆ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ಅವರ ಪಾರ್ಥಿವ ಶರೀರವನ್ನು ಜನ ಕೊನೆಯ ಸಲ ನೋಡಿದ್ದು ಅಲ್ಲಿ. 2021ರ ಅಕ್ಟೋಬರ್ ಕೊನೆಗೆ ಅವರ ಮಗ ‘ಅಪ್ಪು’ ಪುನೀತ್ ರಾಜ್‌ಕುಮಾರ್ ಅವರನ್ನು ಕೊನೆಯ ದರ್ಶನಕ್ಕೆ ಮಲಗಿಸಿದ್ದೂ ಅಲ್ಲೇ. ಹಗಲು ರಾತ್ರಿಯೆನ್ನದೆ ಸಾಲು ಕರಗಲಿಲ್ಲ. 2013ರಲ್ಲಿ, ಮತ್ತೆ 2023ರಲ್ಲಿ ಮುಖ್ಯಮಂತ್ರಿಗಳು ಪ್ರಮಾಣವಚನ ಸ್ವೀಕರಿಸಿದ್ದು ಅಲ್ಲಿ. ನಾಡು ಒಟ್ಟಾಗಿ ಅಳುವುದಕ್ಕೂ ಒಟ್ಟಾಗಿ ನೆರೆಯುವುದಕ್ಕೂ ನಡು ಊರಿನಲ್ಲಿ ಇರುವ ಅಂಗಳ ಅದೊಂದೇ. ಅಂಥ ಜಾಗವನ್ನು ಒಂದು ಕ್ಲಬ್ಬು ತನ್ನದೆಂದು ಹೇಳಿಕೊಳ್ಳಲಾಗದು, ಹೇಳಿಕೊಳ್ಳಲೂಬಾರದು.

ಹಾಗಾದರೆ ಫುಟ್‌ಬಾಲ್ ಎಲ್ಲಿಗೆ ಹೋಗಬೇಕು? ಅಶೋಕನಗರದಲ್ಲಿ ಈಗಲೂ ಸ್ಥಳೀಯ ಲೀಗ್ ನಡೆಯುತ್ತದೆ. ಈಚೆಗೆ ನನ್ನ ಮಗಳೊಂದಿಗೆ ಒಂದು ಸಂಜೆ ಹೋಗಿದ್ದೆ. ಸ್ಟ್ಯಾಂಡಿನಲ್ಲಿ ನೂರಿನ್ನೂರು ಜನ. ಸುತ್ತ ಮಾಲುಗಳೂ ಹೋಟೆಲುಗಳೂ ಎದ್ದು ಆಕಾಶ ಚಿಕ್ಕದಾಗಿದೆ. ಆದರೂ ಗೆರೆಗೂ ನಮಗೂ ನಡುವೆ ಅದೇ ನಾಲ್ಕು ಹೆಜ್ಜೆ. ಚೆಂಡು ಬಡಿದ ಸದ್ದಿಗೆ ಮಗಳು ಬೆಚ್ಚಿ ‘ಅಮ್ಮ, ಇಷ್ಟು ಜೋರಾಗಿ ಹೊಡೀತಾರಾ?’ ಎಂದಳು. ಕಂಠೀರವದಲ್ಲಿ ಎಷ್ಟೋ ಪಂದ್ಯ ನೋಡಿದ ಹುಡುಗಿ ಅವಳು. ಆಟದ ನಿಜವಾದ ಸದ್ದು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.

ನನಗೆ ಅನ್ನಿಸುವುದು ಇಷ್ಟು. ಓಟದ ಟ್ರ್ಯಾಕಿಲ್ಲದ, ಜನ ಗೆರೆಯ ಹತ್ತಿರವೇ ಕೂರುವ, 15-20 ಸಾವಿರ ಆಸನಗಳ ಒಂದು ಫುಟ್‌ಬಾಲ್ ಮೈದಾನ ಬೆಂಗಳೂರಿಗೆ ಬೇಕು. ಅಶೋಕನಗರವನ್ನೇ ಹೊಸದಾಗಿ ಕಟ್ಟಬಹುದು, ಬೇರೆ ಕಡೆ ಮೆಟ್ರೊ ಹತ್ತಿರ ಜಾಗ ಹುಡುಕಬಹುದು. ಅದು ಸರ್ಕಾರ, ಫುಟ್‌ಬಾಲ್ ಸಂಸ್ಥೆ, ಕ್ಲಬ್ಬು ಮೂವರೂ ಕೂತು ತೀರ್ಮಾನಿಸಬೇಕಾದ ವಿಷಯ. ಎರಡು ಮಾತು ಮಾತ್ರ ಮರೆಯಬಾರದು. ಯಾವ ಕೆರೆಯ ಮೇಲೂ ಅದನ್ನು ಕಟ್ಟಬಾರದು. ಒಂದು ಕೆರೆಯ ಋಣವನ್ನೇ ಈ ಊರು ಇನ್ನೂ ತೀರಿಸಿಲ್ಲ. ಮತ್ತು ಅದು ಶನಿವಾರ ಭಾನುವಾರ ದೊಡ್ಡ ಕ್ಲಬ್ಬಿನದಾದರೆ ವಾರದ ಉಳಿದ ದಿನ ಗೌತಮಪುರದ, ಆಸ್ಟಿನ್ ಟೌನಿನ, ದೂರವಾಣಿನಗರದ ಮಕ್ಕಳದಾಗಬೇಕು. ಕಂಠೀರವದ ಟ್ರ್ಯಾಕನ್ನು ಓಟಗಾರರಿಗೆ ಒಳ್ಳೆಯ ಸ್ಥಿತಿಯಲ್ಲಿ ಬಿಟ್ಟುಕೊಟ್ಟು ಹೊರಡುವುದು ಸೋಲಲ್ಲ, ಮರ್ಯಾದೆ.

ಇದು ಹೊಸಬರ ಬೇಡಿಕೆಯಲ್ಲ. ರೋವರ್ಸ್ ಕಪ್ ಗೆದ್ದು ತಂದವರ, ಒಲಿಂಪಿಕ್ಸಿನಲ್ಲಿ ಗೋಲು ಹೊಡೆದವರ, ಶಿಫ್ಟ್ ಮುಗಿಸಿ ಬಂದು ಆಡಿದ ಕಾರ್ಮಿಕರ, ಮಳೆಯಲ್ಲಿ ನೆನೆದು ಹಾಡಿದ ನೀಲಿ ಅಂಗಿಯವರ ಊರು ಇದು. 1937ರಿಂದ ಇಲ್ಲಿಯವರೆಗೆ ಬೆಂಗಳೂರಿನ ಫುಟ್‌ಬಾಲ್ ಕೊಟ್ಟದ್ದೇ ಹೆಚ್ಚು, ಪಡೆದದ್ದು ಕಡಿಮೆ. ತನ್ನದೇ ಒಂದು ಅಂಗಳವನ್ನು ಅದು ನ್ಯಾಯವಾಗಿ ಸಂಪಾದಿಸಿಕೊಂಡಿದೆ. ನಾವು ಜೋರಾಗಿಯೇ ಕೇಳಬೇಕು, ಸಿಗುವವರೆಗೂ ಕೇಳುತ್ತಲೇ ಇರಬೇಕು.